ಮಾಟುಂಗಾದಲ್ಲಿ ಎನ್‌ಸಿವಿ ಟೆಸ್ಟ್: ಶಾಕ್‌ಗೆ ಮೊದಲು ಕೈ ಬೆಚ್ಚಗಿರಲಿ

ಎನ್‌ಸಿವಿ, ಅಂದರೆ ನರಕ್ಕೆ ಸಣ್ಣ ಕರೆಂಟ್ ಶಾಕ್ ಕೊಟ್ಟು ಅದರಲ್ಲಿ ಸಂದೇಶ ಎಷ್ಟು ವೇಗವಾಗಿ ಓಡುತ್ತದೆ ಅಂತ ಅಳೆಯುವ ಟೆಸ್ಟ್. ಅದನ್ನು ಮಾಡಿಸಬೇಕಾದವರಿಗೆ ಮುಂಬೈನ ಮಾಟುಂಗಾ ಪೂರ್ವದ ಈ ಪುಟ್ಟ ಸೆಂಟರ್‌ಗೆ ಹೋಗಿ ಅಂತ ಧೈರ್ಯವಾಗಿ ಹೇಳುತ್ತೇನೆ. ಮೈಸೂರು ಅಸೋಸಿಯೇಷನ್‌ನಿಂದ ನಡೆದೇ ಹೋಗಬಹುದು. ಬೋರ್ಡು ಕಣ್ಣಿಗೆ ಬೀಳಲ್ಲ, ಲಿಫ್ಟ್ ಹಳೇದು, ಕೂರೋಕೆ ಕುರ್ಚಿ ಸಾಲದು. ಆದರೆ ಇಲ್ಲಿ ಶಾಕ್ ಕೊಡುವ ಮೊದಲು ಕೈ ಮುಟ್ಟಿ ನೋಡುತ್ತಾರೆ. ನನ್ನ ಪ್ರಕಾರ ಅರ್ಧ ಮಾರ್ಕು ಅದಕ್ಕೇ.

ನಾನು ಡೊಂಬಿವಲಿಯಲ್ಲಿ ಜೂನಿಯರ್ ಕಾಲೇಜಿನ ಬಯಾಲಜಿ ಟೀಚರ್. ಪೇಪರ್ ತಿದ್ದುವ ಕಾಲ ಬಂತೆಂದರೆ ಬಲಗೈ ಹೆಬ್ಬೆರಳಿಂದ ನಡುಬೆರಳ ತನಕ ಜೋಮು. ರಾತ್ರಿ ಎದ್ದು ಕೈ ಕೊಡವಬೇಕು. ಮೊದಲು ಬೇರೊಂದು ಕಡೆ, ಏಸಿ ಕೊರೆಯುವ ದೊಡ್ಡ ಲ್ಯಾಬ್‌ನಲ್ಲಿ ಟೆಸ್ಟ್ ಆಯಿತು. ಜೋಮೇ ಇಲ್ಲದ ಕಿರುಬೆರಳಿನ ನರವೂ ನಿಧಾನ ಅಂತ ರಿಪೋರ್ಟ್ ಬಂತು! ಡಾಕ್ಟರು ಗ್ರಾಫ್ ನೋಡಿ, "ವೇಗ ಕಡಿಮೆ, ಅಲೆ ಮಾತ್ರ ಭರ್ಜರಿ ಇದೆಯಲ್ಲ. ಕೈ ತಣ್ಣಗಿತ್ತಾ?" ಅಂದರು. ತಣ್ಣಗೇನು, ಮರಗಟ್ಟಿ ಹೋಗಿತ್ತು.

ನರದ ಪೊರೆಯಲ್ಲಿ ಸೋಡಿಯಂ ಚಾನೆಲ್‌ಗಳಿವೆ, ಪುಟ್ಟ ಬಾಗಿಲುಗಳ ಹಾಗೆ. ಸುಮ್ನೆ ಇರುವಾಗ ನರದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಬಾಗಿಲು ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ, ಆ ಏರಿಕೆಗೆ ಮುಂದಿನ ಬಾಗಿಲು ತೆರೆಯುತ್ತದೆ. ಸಂದೇಶ ಓಡುವುದು ಹೀಗೆ. ಚಳಿಯಲ್ಲಿ ಇವು ತೆರೆಯೋದೂ ನಿಧಾನ, ಮುಚ್ಚೋದೂ ನಿಧಾನ. ಕೈ ಒಂದು ಡಿಗ್ರಿ ತಣ್ಣಗಾದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಬಾಗಿಲು ಜಾಸ್ತಿ ಹೊತ್ತು ತೆರೆದೇ ಇರುವುದರಿಂದ ಅಲೆ ಮಾತ್ರ ದೊಡ್ಡದಾಗುತ್ತದೆ. ನರವೇ ಕೆಟ್ಟಿದ್ದರೆ ಅಲೆ ಹಾಗೆ ಉಬ್ಬುವುದಿಲ್ಲ. ಡಾಕ್ಟರಿಗೆ ಅನುಮಾನ ಬಂದದ್ದು ಅದಕ್ಕೇ.

ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು 1952ರಲ್ಲಿ ಸ್ಕ್ವಿಡ್ ನರದ, ನಮ್ಮ ಕರಾವಳಿಯ ಬೊಂಡಾಸ್‌ನದ್ದೇ, ಸಮೀಕರಣ ಬರೆದಾಗ 6.3 ಡಿಗ್ರಿಯ ಲೆಕ್ಕ ಹಿಡಿದಿದ್ದರು. ತಣ್ಣಗಿದ್ದರೆ ಎಲ್ಲ ನಿಧಾನ, ಅಳೆಯೋಕೆ ಸಲೀಸು. ಅವರಿಗೆ 1963ರಲ್ಲಿ ನೊಬೆಲ್ ಬಂತು. ನನಗೆ ಬಂದದ್ದು ತಪ್ಪು ರಿಪೋರ್ಟು.

ಮಾಟುಂಗಾದ ಟೆಕ್ನಿಷಿಯನ್ ಉಡುಪಿ ಕಡೆಯ ಹುಡುಗಿ. "ಕೈ ಎಂತ ಟೀಚರ್ ಇಷ್ಟು ತಣ್ಣಗೆ?" ಅಂತ ಬಿಸಿನೀರಿನ ಚೀಲ ಕೊಟ್ಟಳು. ಚರ್ಮಕ್ಕೆ ಥರ್ಮಾಮೀಟರ್ ಅಂಟಿಸಿ, 32 ಡಿಗ್ರಿ ದಾಟಿದ ಮೇಲೇ ಶುರು. ಮಣಿಕಟ್ಟಿಗೆ ಶಾಕ್, ಆಮೇಲೆ ಮೊಣಕೈ ಹತ್ತಿರ. ಹೆಬ್ಬೆರಳು ನನ್ನನ್ನು ಕೇಳದೆಯೇ ಹಾರುತ್ತದೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಹೋಗಿ, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು, ಸ್ನಾಯುವಿನ ಚಾನೆಲ್ ತೆರೆದು... ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರೇ ಕುಣಿಯಿತು. ಶಾಕ್ ಏರಿಸುತ್ತಲೇ ಹೋಗುತ್ತಾರೆ, ಗಾಬರಿ ಬೇಡ. ನರದ ಒಂದೊಂದು ಎಳೆಯೂ ಎದ್ದರೆ ಪೂರ್ತಿ ಏಳುತ್ತದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಅಲೆ ಇನ್ನು ಬೆಳೆಯುತ್ತಿಲ್ಲ ಅಂದರೆ ಎಲ್ಲ ಎಳೆಗಳೂ ಎದ್ದಿವೆ ಅಂತ ಅರ್ಥ. ಆಮೇಲೆ ಬೆರಳಿಗೆ ಉಂಗುರದಂಥ ತಂತಿ ಸುತ್ತಿ ಸ್ಪರ್ಶದ ನರ ನೋಡುತ್ತಾರೆ. ಕೊನೆಗೆ ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಭಾಗ ನೋವೇ, ಸುಳ್ಳು ಹೇಳಲ್ಲ.

ಕಿರುಬೆರಳಿನ ನರ ಸರಿಯಾಗಿದೆ. ಹೆಬ್ಬೆರಳಿಂದ ನಡುಬೆರಳ ತನಕ ಹೋಗುವ ಮೀಡಿಯನ್ ನರ ಮಾತ್ರ ಮಣಿಕಟ್ಟಿನಲ್ಲಿ ಒತ್ತಿಕೊಂಡಿದೆ, ಅದೂ ಸ್ವಲ್ಪವೇ. ಈಗ ರಾತ್ರಿ ಪಟ್ಟಿ ಕಟ್ಟಿ ಮಲಗುತ್ತೇನೆ.

ದೂರುಗಳೂ ಇವೆ. ಬಳೆ, ಉಂಗುರ ತೆಗೆದು ಬನ್ನಿ, ಕೈಗೆ ಕ್ರೀಮ್ ಹಚ್ಚಬೇಡಿ ಅಂತ ಫೋನಿನಲ್ಲೇ ಹೇಳಬಹುದಿತ್ತು. ಪಕ್ಕದಲ್ಲಿ ಕೂತಿದ್ದ ಅಂಕಲ್‌ಗೆ ಶುಗರ್, ಅಂಗಾಲು ಉರಿ. ರಿಪೋರ್ಟ್ ನಾರ್ಮಲ್ ಅಂತ ಕೊಟ್ಟು ಕಳಿಸಿಬಿಟ್ಟರು. ಉರಿ, ನೋವು ಹೊರುವ ಸಣ್ಣ ಎಳೆಗಳು ಈ ಟೆಸ್ಟ್‌ಗೆ ಸಿಗುವುದೇ ಇಲ್ಲ. ಅದನ್ನು ಒಂದು ಮಾತು ಹೇಳಬೇಕು, ಅಲ್ವಾ? ನಾನೇ ಹೇಳಿ, ಡಾಕ್ಟರ ಹತ್ತಿರ ಮತ್ತೆ ಹೋಗಿ ಅಂದೆ.

ಪೇಸ್‌ಮೇಕರ್ ಇದ್ದವರು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ತಿಳಿಸಿ. ಸೆಂಟ್ರಲ್ ಲೈನಿನವರು ಫಾಸ್ಟ್ ಲೋಕಲ್ ಟ್ರೈನ್ ಹತ್ತಿದರೆ ದಾದರ್‌ನಲ್ಲೇ ಇಳಿಯಬೇಕಾಗುತ್ತದೆ. ಸ್ಲೋ ಹಿಡಿಯಿರಿ, ಕಿಟಕಿ ಪಕ್ಕ ಸೀಟೂ ಸಿಗಬಹುದು.