ದಪ್ಪಕ್ಷರದ ಸತ್ಯವೇದ: ಕೃಪೆಯ ವಚನಗಳನ್ನು ಓದಲು ಹೇಗಿದೆ?

ಅಮ್ಮನ ಕಣ್ಣಿಗೆ ಸಣ್ಣಕ್ಷರ ಕಾಣದಾದ ಮೇಲೆ ದಪ್ಪಕ್ಷರದ ಕನ್ನಡ ಸತ್ಯವೇದವೊಂದನ್ನು (ಬೈಬಲ್) ಕೊಂಡೆವು. ಆರು ತಿಂಗಳಿನಿಂದ ಕುಟುಂಬ ಪ್ರಾರ್ಥನೆಯಲ್ಲಿ ಪೌಲನ ಪತ್ರಿಕೆಗಳನ್ನು, ಅಂದರೆ ಅಪೊಸ್ತಲನಾದ ಪೌಲನು ಆರಂಭಕಾಲದ ಕ್ರೈಸ್ತರಿಗೆ ಬರೆದ ಪತ್ರಗಳನ್ನು, ಇದರಲ್ಲೇ ಓದುತ್ತಿದ್ದೇವೆ. ಆದ್ದರಿಂದ, ರಕ್ಷಣೆ ದೊರೆಯುವುದು ಮನುಷ್ಯನ ಸತ್ಕಾರ್ಯಗಳಿಂದಲ್ಲ, ದೇವರ ಕೃಪೆಯಿಂದಲೇ ಎಂಬ ಬೋಧನೆಯನ್ನು ಅರಿಯಲು ಈ ಪ್ರತಿ ಎಷ್ಟು ನೆರವಾಗುತ್ತದೆ ಎಂಬುದನ್ನೇ ಮುಖ್ಯವಾಗಿ ಬರೆಯುತ್ತೇನೆ.

ಅಕ್ಷರಗಳು ಸ್ಫುಟವಾಗಿವೆ, ಹೊಲಿಗೆ ಗಟ್ಟಿಯಾಗಿದೆ. ಕಾಗದ ತೆಳುವಾದ್ದರಿಂದ ಹಿಂಬದಿಯ ಮುದ್ರಣ ತುಸು ಕಾಣುತ್ತದೆ.

ಇದರ ನಿಜವಾದ ಬಲವಿರುವುದು ಹಳೆಯ ಭಾಷಾಂತರದ ಪದಗಳಲ್ಲಿ. ರಕ್ಷಣೆ ಕ್ರಿಯೆಗಳಿಂದ ಬಂದದ್ದಲ್ಲ ಎನ್ನುವ, ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದ 9ನೆಯ ವಚನದಲ್ಲಿ ಮೂಲದ ಗ್ರೀಕ್ ಪದಕ್ಕೆ ಕೆಲಸ, ಕ್ರಿಯೆ ಎಂಬಷ್ಟೇ ಅರ್ಥವಿದ್ದರೂ ಇಲ್ಲಿ 'ಪುಣ್ಯಕ್ರಿಯೆ' ಎಂದಿದೆ. ದಾನ, ಉಪವಾಸ, ಯಾತ್ರೆಗಳಿಂದ ಪುಣ್ಯ ಕೂಡಿಬರುತ್ತದೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದ ನಮಗೆ, ಪೌಲನು ಯಾವ ಭರವಸೆಯನ್ನು ತಳ್ಳಿಹಾಕುತ್ತಿದ್ದಾನೆ ಎಂಬುದು ಆ ಒಂದು ಪದದಿಂದಲೇ ತಟ್ಟುತ್ತದೆ. ಅಡಿಯಲ್ಲಿರುವ ಸಂಬಂಧಿತ ವಚನಗಳ ಸೂಚನೆಯನ್ನು ಹಿಡಿದು ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯಕ್ಕೆ ಹೋದೆವು. ದುಡಿದವನ ಕೂಲಿ ಅವನಿಗೆ ಸಲ್ಲಬೇಕಾದದ್ದೇ ಹೊರತು ಕೃಪೆಯಲ್ಲ ಎಂಬ ಅರ್ಥದ ಮಾತು ಅಲ್ಲಿದೆ. ಕಾಫಿ ತೋಟದಲ್ಲಿ ದಿನಗೂಲಿಗೆ ದುಡಿದು ನಮ್ಮನ್ನು ಸಾಕಿದ ಅಮ್ಮ, "ಕೂಲಿ ಇಸ್ಕೊಳ್ಳುವಾಗ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ, ಇದು ಹಾಗೆ ಇಸ್ಕೊಳ್ಳೋದಲ್ಲ" ಎಂದರು. ಈ ವಿಷಯದಲ್ಲಿ ನಾನು ಕೇಳಿದ ಯಾವ ಪ್ರಸಂಗವೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಕೊರತೆಯೊಂದಿದೆ, ಅದು ಸಣ್ಣದಲ್ಲ. ಎಫೆಸದ ಪತ್ರಿಕೆಯ ಆ ಪುಟ 9ನೆಯ ವಚನಕ್ಕೆ ಮುಗಿದು, ಸತ್ಕಾರ್ಯಗಳನ್ನು ಮಾಡುವುದಕ್ಕಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಯಾದೆವು ಎನ್ನುವ 10ನೆಯ ವಚನ ಹಿಂಬದಿಯ ಪುಟಕ್ಕೆ ಹೋಗಿದೆ. ಅಲ್ಲಿಗೇ ಓದು ನಿಲ್ಲಿಸಿದವರು ಕೃಪೆಯನ್ನು ಸೋಮಾರಿತನಕ್ಕೆ ಸಿಕ್ಕ ಅನುಮತಿ ಎಂದು ತಿಳಿಯುವ ಅಪಾಯವಿದೆ. ಮನುಷ್ಯನು ನೀತಿವಂತನೆನಿಸುವುದು ಬರೀ ನಂಬಿಕೆಯಿಂದಲ್ಲ ಎನ್ನುವ ಯಾಕೋಬನ ಪತ್ರಿಕೆಯ ಸೂಚನೆಯೂ ಇಲ್ಲಿಲ್ಲ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದಾಗ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರನು ಯಾಕೋಬನ ಆ ಪತ್ರಿಕೆಯನ್ನು ಸತ್ವವಿಲ್ಲದ ಒಣಹುಲ್ಲಿಗೆ ಹೋಲಿಸಿದ್ದನು. ಆದರೂ ಅದನ್ನು ತನ್ನ ಅನುವಾದದಿಂದ ಬಿಡಲಿಲ್ಲ. ಓದುಗರಿಗೆ ಪೌಲನ ಮತ್ತು ಯಾಕೋಬನ ಆ ಎರಡು ಮಾತುಗಳನ್ನೂ ಎದುರುಬದುರು ಇಟ್ಟು ನೋಡುವ ಅವಕಾಶವಿರಬೇಕು.

ಹಿರಿಯರಿಗಾಗಿ ಕೊಳ್ಳುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ನಾನು 9ನೆಯ ವಚನದ ಪಕ್ಕದಲ್ಲಿ ಪೆನ್ಸಿಲಿನಿಂದ ಬಾಣದ ಗುರುತು ಹಾಕಿಟ್ಟಿದ್ದೇನೆ. ಅಮ್ಮ ಈಗ ಪುಟ ತಿರುವಿಯೇ ಓದು ಮುಗಿಸುತ್ತಾರೆ.