ಚೀನೀ ಮನೆಮಾತಿನ ವಿದ್ಯಾರ್ಥಿಗೆ ಇಂಗ್ಲಿಷ್ ಓದು, ವ್ಯಾಕರಣ: ನಾಲ್ಕು ದಾರಿ ಮಾಡಿ ನೋಡಿದ ಹೋಲಿಕೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಚೀನೀ ಮನೆಮಾತಿನ ವಿದ್ಯಾರ್ಥಿಗೆ ಇಂಗ್ಲಿಷ್ ವ್ಯಾಕರಣ ಕೈಗೆ ಹತ್ತಬೇಕಾದರೆ ಮರು ಅನುವಾದಕ್ಕಿಂತ, ಅಂದರೆ ಓದಿದ ಇಂಗ್ಲಿಷ್ ಪಾಠವನ್ನು ಅದರ ಚೀನೀ ಅನುವಾದ ನೋಡಿಕೊಂಡು ಮತ್ತೆ ಇಂಗ್ಲಿಷಿಗೆ ತರುವುದಕ್ಕಿಂತ, ಒಳ್ಳೆಯ ಅಭ್ಯಾಸವನ್ನು ನಾನು ಕಂಡಿಲ್ಲ. ಓದಿನ ವೇಗ ಹೆಚ್ಚಬೇಕಾದರೆ ಅವರ ಮಟ್ಟಕ್ಕಿಂತ ಸ್ವಲ್ಪ ಕೆಳಗಿನ ಕಥೆಪುಸ್ತಕಗಳು ಬೇಕು. ಹಳೆಯ ಪ್ರಶ್ನೆಪತ್ರಿಕೆಗಳಿಂದ ಅಂಕ ಏರುತ್ತದೆ, ಭಾಷೆ ಅಷ್ಟಾಗಿ ಬೆಳೆಯುವುದಿಲ್ಲ. ವ್ಯಾಕರಣದ ಪುಸ್ತಕ ಸಂಶಯ ಬಂದಾಗ ತೆರೆದು ನೋಡಲಿಕ್ಕೆ ಇರಲಿ.

ಗಂಡನ ಕೆಲಸದಿಂದಾಗಿ ನಾವು ಜಿಯಾಂಗ್ಸು ಪ್ರಾಂತ್ಯದ ಸುಝೌ ನಗರದಲ್ಲಿದ್ದೇವೆ. ಅದಕ್ಕೆ ಮೊದಲು ಹಾಸನ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಇಲ್ಲಿ ಮೇಲಿನ ಮಹಡಿಯ ಮನೆಯ ಹುಡುಗಿ ನಮ್ಮ ಪಿಯುಸಿಗೆ ಸಮನಾದ ತರಗತಿಯಲ್ಲಿದ್ದಾಳೆ. ನಾನು ಅವಳಿಗೆ ಇಂಗ್ಲಿಷ್ ಹೇಳಿಕೊಡುವುದು, ಅವಳು ನನಗೆ ಚೀನೀ ಹೇಳಿಕೊಡುವುದು ಎಂದು ಮಾತಾಯಿತು. ಮುಂದೆ ಬರೆದಿರುವುದೆಲ್ಲ ಈ ಒಬ್ಬ ಹುಡುಗಿಯ ಜೊತೆ ಕೂತು ಕಂಡದ್ದು. ಆದರೆ ಅವಳ ತಪ್ಪುಗಳು ಅವಳೊಬ್ಬಳವಲ್ಲ. ಚೀನೀ ಮಾತಾಡುವವರಿಗೆ ಕಲಿಸಿದ ಯಾರನ್ನು ಕೇಳಿದರೂ ಇದೇ ಪಟ್ಟಿ ಕೊಡುತ್ತಾರೆ.

ಪ್ರಶ್ನೆಪತ್ರಿಕೆಗಳು

ಇಲ್ಲಿ ಆ ವಯಸ್ಸಿನ ಮಕ್ಕಳ ಓದುವ ಮೇಜಿನ ಮೇಲೆ ಪ್ರಶ್ನೆಪತ್ರಿಕೆಗಳ ಕಟ್ಟು ಇದ್ದೇ ಇರುತ್ತದೆ. ಕಾಲೇಜು ಸೇರಲು ಜೂನ್ ತಿಂಗಳಲ್ಲಿ ಬರೆಯುವ ಗಾವ್‌ಕಾವ್ ಪರೀಕ್ಷೆಯ 750 ಅಂಕಗಳಲ್ಲಿ ಇಂಗ್ಲಿಷಿಗೆ 150. ಅದರಲ್ಲಿ ಆಲಿಸುವುದಕ್ಕೆ 30, ಓದಿಗೆ 50, ಖಾಲಿ ಜಾಗ ತುಂಬುವ ಎರಡು ಭಾಗಗಳಿಗೆ 30, ಬರವಣಿಗೆಗೆ 40. ವ್ಯಾಕರಣಕ್ಕೆಂದೇ ಇರುವುದು ಹತ್ತು ಖಾಲಿ ಜಾಗಗಳ ಒಂದು ಚಿಕ್ಕ ಗದ್ಯ, ಒಂದೊಂದಕ್ಕೂ ಒಂದೂವರೆ ಅಂಕ. ಕೆಲವು ಜಾಗಗಳ ಪಕ್ಕದಲ್ಲಿ ಕಂಸದೊಳಗೆ ಮೂಲ ಪದ ಕೊಟ್ಟಿರುತ್ತಾರೆ, ಅದರ ಸರಿಯಾದ ರೂಪ ಬರೆಯಬೇಕು. ಉಳಿದವಕ್ಕೆ ಸುಳಿವೇ ಇರುವುದಿಲ್ಲ. ಆರ್ಟಿಕಲ್ಲೋ, ಪ್ರಿಪೊಸಿಷನ್ನೋ, ವಾಕ್ಯ ಜೋಡಿಸುವ ಪದವೋ, ತಾವೇ ಊಹಿಸಬೇಕು.

ಓದಿನ ಭಾಗದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಒಂದು ಗದ್ಯದಿಂದ ಐದು ವಾಕ್ಯ ಕಿತ್ತು, ಏಳು ವಾಕ್ಯಗಳನ್ನು ಮುಂದಿಟ್ಟು, ಸರಿಯಾದ ಐದನ್ನು ಆರಿಸಿ ಅವುಗಳ ಜಾಗದಲ್ಲಿ ಕೂರಿಸಲು ಹೇಳುತ್ತಾರೆ. ಇದನ್ನು ಮಾಡುವಾಗ ಹುಡುಗಿ ತಾನಾಗಿಯೇ ‘ದಿಸ್’ ಯಾವುದಕ್ಕೆ ಅಂಟಿದೆ, ‘ಹೌಎವರ್’ ಯಾವ ಮಾತಿಗೆ ಎದುರಾಗಿದೆ ಎಂದು ಹುಡುಕುತ್ತಾಳೆ. ಎಸ್ಸೆಸ್ಸೆಲ್ಸಿ ಪತ್ರಿಕೆಗೂ ಇಂಥದೊಂದು ಬಂದರೆ ನಮ್ಮ ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದು ನಿಜವಾಗಿಯೂ ಅನ್ನಿಸಿದೆ.

ವ್ಯಾಕರಣದ ಹತ್ತು ಖಾಲಿ ಜಾಗಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ. ‘ನಿನ್ನೆ’ ಅಂದರೆ ಮುಗಿಯಿತು. ಕೆಲಸ ಮುಗಿದದ್ದನ್ನು ತೋರಿಸಲು ‘ಲ’ ಎಂಬ ಚಿಕ್ಕ ಪದ ಸೇರಿಸುತ್ತಾರೆ. ಹೋದೆ, ಕೊಂಡೆ, ತಿಂದೆ, ಇಂಥ ಕಡೆ ಅದು ಬರುತ್ತದೆ. ‘ಚಿಕ್ಕವಳಿದ್ದಾಗ ನನಗೆ ಈ ಕೆರೆ ಇಷ್ಟವಾಗಿತ್ತು’ ಎಂಬಂಥ ಮಾತಿಗೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಮುಗಿದ ಕೆಲಸವಿಲ್ಲ, ಆಗಿನ ಸ್ಥಿತಿ ಇದೆ. ಮಕ್ಕಳು ಒಳಗೊಳಗೇ ‘ಲ’ ಇರುವ ಕಡೆ ಪಾಸ್ಟ್ ಟೆನ್ಸ್ ಎಂದು ಗಂಟುಹಾಕಿಕೊಂಡಿರುತ್ತಾರೆ. ಹಾಗಾಗಿ ಈ ಹುಡುಗಿಯ ಬರವಣಿಗೆಯಲ್ಲಿ ‘ವೆಂಟ್’, ‘ಬಾಟ್’ ಸರಿಯಾಗಿರುತ್ತವೆ. ಅದೇ ಪುಟದಲ್ಲಿ ‘ವೆನ್ ಐ ವಾಸ್ ಅ ಚೈಲ್ಡ್, ಐ ಲೈಕ್ ದಿಸ್ ಲೇಕ್’ ಎಂದೂ ಇರುತ್ತದೆ. ಖಾಲಿ ಜಾಗದ ಪತ್ರಿಕೆಯಲ್ಲಿ ಈ ತಪ್ಪು ಹೊರಗೆ ಬರುವುದೇ ಇಲ್ಲ. ಕಂಸದಲ್ಲಿ ‘ಲೈಕ್’ ಕಂಡ ಕೂಡಲೇ ಇದರ ರೂಪ ಬದಲಿಸಬೇಕು ಎಂಬ ಎಚ್ಚರ ಬರುತ್ತದೆ, ‘ಲೈಕ್ಡ್’ ಎಂದು ಬರೆಯುತ್ತಾಳೆ, ಅಂಕ ಸಿಗುತ್ತದೆ. ಸ್ವಂತ ವಾಕ್ಯ ಬರೆಯುವಾಗ ಆ ಎಚ್ಚರ ಕೊಡುವವರು ಯಾರೂ ಇಲ್ಲ.

ವ್ಯಾಕರಣದ ಪುಸ್ತಕ

ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ ಇರುವ ಜನಪ್ರಿಯ ಮಾದರಿಯ ಪುಸ್ತಕವೊಂದನ್ನು ಕ್ರಮವಾಗಿ ಮಾಡಿಸಿದೆ. ಸ್ವಂತ ಓದಿಗೆ ಅನುಕೂಲ, ಉತ್ತರಗಳು ಹಿಂದೆಯೇ ಇವೆ. ತೊಂದರೆ ಏನೆಂದರೆ ಇಂಥ ಪುಸ್ತಕಗಳನ್ನು ಲೋಕದ ಎಲ್ಲ ಭಾಷೆಯವರಿಗೂ ಸೇರಿಸಿ ಬರೆದಿರುತ್ತಾರೆ. ಚೀನೀ ಮಕ್ಕಳಿಗೆ ಬೇಕಾದಲ್ಲಿ ಅವು ನಿಲ್ಲುವುದಿಲ್ಲ. ‘ಆಲ್ದೋ’ ಹಾಕಿದ ಮೇಲೆ ‘ಬಟ್’ ಬೇಡ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಚೀನೀಯಲ್ಲಿ ‘ಸುಯ್‌ರಾನ್’ (ಆಲ್ದೋ) ಬಂದರೆ ಹಿಂದೆಯೇ ‘ದಾನ್‌ಶಿ’ (ಬಟ್) ಬರುವುದು ಸಹಜ, ಎರಡೂ ಜೋಡಿ. ಹದಿನಾರು ವರ್ಷದ ಆ ರೂಢಿ ಒಂದು ಸಾಲಿಗೆ ಬಿಡುವುದಿಲ್ಲ. ‘ದೇರ್ ಆರ್ ಮೆನಿ ಪೀಪಲ್ ಲೈಕ್ ಟೀ’ ಎಂಬ ವಾಕ್ಯಕ್ಕೂ ಇದೇ ಕಥೆ. ಚೀನೀಯಲ್ಲಿ ಅದು ಸರಿಯಾದ ಕಟ್ಟು, ಇಂಗ್ಲಿಷಿಗೆ ‘ಪೀಪಲ್’ ಆದ ಮೇಲೆ ‘ಹೂ’ ಎಂಬ ಜೋಡಿಸುವ ಪದ ಬೇಕು.

ಪದ ಕಲಿಸುವ ಮೊಬೈಲ್ ಆ್ಯಪ್ ಒಂದನ್ನೂ ಬಳಸಿದೆವು. ಬಸ್ಸಿನಲ್ಲಿ ಹೋಗುವಾಗ ಪದಗಳನ್ನು ತಿರುವಿಹಾಕಲು ಪರವಾಗಿಲ್ಲ. ಓದಿಗೂ ವ್ಯಾಕರಣಕ್ಕೂ ಅದನ್ನು ಲೆಕ್ಕಕ್ಕೆ ಹಿಡಿಯಲಾರೆ.

ಹಂತಹಂತದ ಕಥೆಪುಸ್ತಕಗಳು

ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲಿಕೆ ಇಲ್ಲಿ ‘ಶೂಛೋಂಗ್’ ಎಂಬ ಹೆಸರಿನಲ್ಲಿ ಇಂಗ್ಲಿಷ್, ಚೀನೀ ಎರಡೂ ಸೇರಿದ ಆವೃತ್ತಿಯಾಗಿ ಸಿಗುತ್ತದೆ. ಮೂಲ ಮಾಲಿಕೆಯ ಮೊದಲ ಹಂತಕ್ಕೆ 400 ಮುಖ್ಯ ಪದಗಳು, ಎರಡಕ್ಕೆ 700, ಮೂರಕ್ಕೆ 1000, ನಾಲ್ಕಕ್ಕೆ 1400, ಐದಕ್ಕೆ 1800, ಆರಕ್ಕೆ 2500. ಶಾಲೆಯ ಮಟ್ಟ ನೋಡಿದರೆ ಹುಡುಗಿ ಐದನೆಯದನ್ನು ಓದಬಲ್ಲಳು. ನಾನು ಮೂರನೆಯದನ್ನು ಕೊಟ್ಟೆ. ‘ಲಾವ್‌ಶಿ (ಟೀಚರ್), ಇದು ಚಿಕ್ಕ ಮಕ್ಕಳದು’ ಎಂದು ಮುಖ ಸಣ್ಣ ಮಾಡಿದಳು.

ಕೆಳಗಿನ ಹಂತ ಕೊಟ್ಟದ್ದಕ್ಕೆ ಕಾರಣವಿದೆ. ಹು ಮತ್ತು ಪಾಲ್ ನೇಷನ್ ಎಂಬ ಇಬ್ಬರು ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಕಥೆಯನ್ನು ಸಲೀಸಾಗಿ ಅರ್ಥಮಾಡಿಕೊಳ್ಳಲು ಅದರ ಶೇ. 98ರಷ್ಟು ಪದಗಳು ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಗೊತ್ತಿಲ್ಲದ್ದು ಒಂದೇ ಇರಬೇಕು. ಗಾವ್‌ಕಾವ್ ಗದ್ಯಗಳಲ್ಲಿ ಗೊತ್ತಿಲ್ಲದ ಪದಗಳು ಅದಕ್ಕಿಂತ ಹೆಚ್ಚು. ಆ ಗದ್ಯಗಳನ್ನೇ ಓದಿ ಬೆಳೆದ ಮಕ್ಕಳು ಪ್ರತಿ ಪದಕ್ಕೂ ನಿಂತು, ಮನಸ್ಸಿನಲ್ಲಿ ಚೀನೀಗೆ ತಿರುಗಿಸಿ, ಮುಂದೆ ಹೋಗುವುದನ್ನು ರೂಢಿಮಾಡಿಕೊಂಡಿರುತ್ತಾರೆ. ಸುಲಭದ ಪುಸ್ತಕ ಆ ರೂಢಿ ಬಿಡಿಸುತ್ತದೆ. ಕೆಲವು ಪುಸ್ತಕಗಳಾದ ಮೇಲೆ ಹುಡುಗಿ ಸಾಲಿನ ಕೆಳಗೆ ಪೆನ್ಸಿಲ್ ಎಳೆಯುವುದನ್ನು ನಿಲ್ಲಿಸಿದಳು, ಮುಂದಿನ ಅಧ್ಯಾಯದಲ್ಲಿ ಏನಾಗುತ್ತದೆ ಎಂದು ತಾನೇ ಕೇಳತೊಡಗಿದಳು. ಪರೀಕ್ಷೆಯ ಓದಿನ ಭಾಗವನ್ನು ಈಗ ಗಡಿಬಿಡಿಯಿಲ್ಲದೆ ಮುಗಿಸುತ್ತಾಳೆ. ನಾನು ನೋಡಿದ ಬದಲಾವಣೆಗಳಲ್ಲಿ ಕಣ್ಣಿಗೆ ಹೊಡೆದು ಕಂಡದ್ದು ಇದೇ.

ಎರಡು ಭಾಷೆಯ ಪುಸ್ತಕ ಕೊಳ್ಳುವವರು ಚೀನೀ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡಿ. ಹತ್ತಿರದಲ್ಲೇ ತಮ್ಮ ಭಾಷೆಯಿದ್ದರೆ ಕಣ್ಣು ಅತ್ತ ಹೋಗದೆ ಇರುವುದಿಲ್ಲ.

ಈ ದಾರಿಯಿಂದ ಆಗದ ಕೆಲಸವೂ ಇದೆ. ಇಲ್ಲಿನ ವಾಕ್ಯಗಳು ಗಿಡ್ಡ. ಪರೀಕ್ಷೆಯ ನಾಲ್ಕನೆಯ ಗದ್ಯದ ವಾಕ್ಯಗಳು ಉದ್ದ, ಚೀನೀ ಮಕ್ಕಳು ಎಡವುವುದು ಅಲ್ಲೇ. ನಾನೇ ಕಟ್ಟಿಕೊಟ್ಟ ಒಂದು ವಾಕ್ಯ ನೋಡಿ: ‘ದಿ ಫಾರ್ಮರ್ಸ್ ಹೂಸ್ ಫೀಲ್ಡ್ಸ್ ಲೇ ಬಿಲೋ ದಿ ಡ್ಯಾಮ್ ಬಿಲ್ಟ್ ಇನ್ ದಿ ಫಿಫ್ಟೀಸ್ ಲೆಫ್ಟ್ ದಿ ವಿಲೇಜ್.’ ಹುಡುಗಿ ‘ಬಿಲ್ಟ್’ ಅನ್ನೇ ಮುಖ್ಯ ಕ್ರಿಯಾಪದ ಎಂದು ಹಿಡಿದು ಅಣೆಕಟ್ಟು ಏನನ್ನೋ ಕಟ್ಟಿತು ಎಂದುಕೊಂಡಳು. ‘ಬಿಟ್ಟುಹೋದರು’ ಎಂಬ ಅರ್ಥದ ‘ಲೆಫ್ಟ್’ ಅವಳಿಗೆ ಎಡಗಡೆಯಾಯಿತು. ಇಂಗ್ಲಿಷಿನಲ್ಲಿ ರೈತರು ಮೊದಲು ಬಂದು, ಅವರ ವಿವರಣೆಯೆಲ್ಲ ಬಾಲದ ಹಾಗೆ ಹಿಂದೆ ಬರುತ್ತದೆ. ಚೀನೀಯಲ್ಲಿ ಅದು ಪೂರ್ತಿ ತಿರುಗಿ, ವಿವರಣೆಯೆಲ್ಲ ನಾಮಪದಕ್ಕಿಂತ ಮೊದಲು ಬರಬೇಕು.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ, ಬೇರೆ ಭಾಷೆಯ ಮೇಷ್ಟ್ರುಗಳಿಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ. ‘ನಾನು ನಿನ್ನೆ ಕೊಂಡ ಪುಸ್ತಕ’ ಎನ್ನುವುದನ್ನು ಚೀನೀಯಲ್ಲಿ ‘ವೊ ಜುವೊಥಿಯೆನ್ ಮಾಯ್ ದ ಶೂ’ ಎನ್ನುತ್ತಾರೆ. ನಾನು, ನಿನ್ನೆ, ಕೊಂಡ, ಪುಸ್ತಕ: ಜೋಡಣೆ ಒಂದೇ. ‘ಐವತ್ತರ ದಶಕದಲ್ಲಿ ಕಟ್ಟಿದ ಅಣೆಕಟ್ಟಿನ ಕೆಳಗೆ ಹೊಲವಿದ್ದ ರೈತರು’ ಎಂದು ನನ್ನ ತಲೆಯಲ್ಲಿ ಬರುವ ಹಾಗೆಯೇ ಅವಳ ತಲೆಯಲ್ಲೂ ಬರುತ್ತದೆ. ಹಾಗಾಗಿ ಇಂಥ ವಾಕ್ಯ ಬಂದಾಗ ಮೊದಲು ಮುಖ್ಯ ಕ್ರಿಯಾಪದ ಹುಡುಕಿ ಗೆರೆ ಎಳೆಸುತ್ತೇನೆ, ನಾಮಪದದಿಂದ ಅಲ್ಲಿಯವರೆಗಿನ ಭಾಗಕ್ಕೆ ಕಂಸ ಹಾಕಿಸುತ್ತೇನೆ. ಕಂಸದೊಳಗಿನದನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಅವಳ ಭಾಷೆಯ ವಾಕ್ಯ ತಾನಾಗಿ ಸಿಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನಾನು ಈಗ ಮುಖ್ಯವಾಗಿ ಇದಕ್ಕೇ ಬಳಸುವುದು: ಪ್ರಶ್ನೆಗಳನ್ನು ಬಿಟ್ಟು, ಗದ್ಯದ ಉದ್ದ ವಾಕ್ಯಗಳನ್ನು ಮಾತ್ರ ಬಿಚ್ಚುವುದು.

ಮರು ಅನುವಾದ

ಎಲ್. ಜಿ. ಅಲೆಕ್ಸಾಂಡರ್ 1967ರಲ್ಲಿ ಹೊರತಂದ ‘ನ್ಯೂ ಕಾನ್ಸೆಪ್ಟ್ ಇಂಗ್ಲಿಷ್’ ಎಂಬ ಪಠ್ಯಪುಸ್ತಕ ಮಾಲಿಕೆ ಚೀನಾದಲ್ಲಿ ಇವತ್ತಿಗೂ ಮನೆಮಾತು. 1997ರಲ್ಲಿ ಚೀನೀ ಕಲಿಯುವವರಿಗಾಗಿಯೇ ಹೊಸ ಆವೃತ್ತಿ ಬಂತು. ಎರಡನೆಯ ಭಾಗದಲ್ಲಿ 96 ಪಾಠಗಳಿವೆ, ಒಂದೊಂದೂ ಪುಟ್ಟ ಕಥೆ, ಜೊತೆಗೆ ಚೀನೀ ಅನುವಾದ. ಇದನ್ನು ಪಾಠಕ್ಕೆ ಪಾಠ ಬಾಯಿಪಾಠ ಮಾಡುವುದು ಇಲ್ಲಿನ ವಾಡಿಕೆ. ಹುಡುಗಿಯ ಅಪ್ಪನೂ ಹಾಗೇ ಕಲಿತವರು, ಈಗಲೂ ಕೆಲವು ಪಾಠಗಳನ್ನು ತಡವರಿಸದೆ ಹೇಳುತ್ತಾರೆ.

ಬಾಯಿಪಾಠವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗ್ಗಿ, ವಚನ ಕಂಠಪಾಠ ಮಾಡಿ ಬೆಳೆದವಳು ನಾನು. ವಾಕ್ಯದ ಲಯ ಅದರಿಂದ ಬರುತ್ತದೆ. ಆದರೆ ಬಾಯಿಪಾಠ ಮಾಡುವಾಗ ‘ದಿ’ ಯಾಕೆ ಬಂತು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಅದಕ್ಕೇ ಅದೇ ಪಾಠಗಳನ್ನು ಬೇರೆ ರೀತಿ ಮಾಡಿದೆವು. ಒಂದು ಸಂಜೆ ಇಂಗ್ಲಿಷ್ ಪಾಠ ಚೆನ್ನಾಗಿ ಓದುವುದು. ಒಂದೆರಡು ದಿನ ಬಿಟ್ಟು, ಇಂಗ್ಲಿಷ್ ಮುಚ್ಚಿ, ಚೀನೀ ಅನುವಾದ ಮಾತ್ರ ನೋಡಿಕೊಂಡು ತಾನೇ ಇಂಗ್ಲಿಷಿನಲ್ಲಿ ಬರೆಯುವುದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸಗಳಿಗೆ ಕೆಂಪು ಶಾಯಿಯ ಗುರುತು ಹಾಕುವುದು.

ಖಾಲಿ ಜಾಗದ ಪತ್ರಿಕೆ ಮುಚ್ಚಿಟ್ಟದ್ದೆಲ್ಲ ಇಲ್ಲಿ ಹೊರಗೆ ಬಂತು. ಸ್ಥಿತಿ ಹೇಳುವ ಕ್ರಿಯಾಪದಗಳಲ್ಲಿ ಪಾಸ್ಟ್ ಟೆನ್ಸ್ ಬಿಟ್ಟುಹೋಗುವುದು, ಬಹುವಚನದ ‘ಎಸ್’ ಬೀಳುವುದು, ‘ಆಲ್ದೋ’ ಜೊತೆ ‘ಬಟ್’, ಎಲ್ಲವೂ ಅವಳ ಕೈಬರಹದಲ್ಲೇ ಇತ್ತು. ನಾನು ತಿದ್ದುವ ಅಗತ್ಯವೂ ಬೀಳಲಿಲ್ಲ, ಮೂಲ ಪಾಠವೇ ತಿದ್ದಿತು.

ಆರ್ಟಿಕಲ್ ವಿಷಯಕ್ಕೆ ಮಾತ್ರ ನಾನು ಬಾಯಿ ಹಾಕಬೇಕಾಯಿತು. ಚೀನೀಯಲ್ಲಿ ಆರ್ಟಿಕಲ್ ಇಲ್ಲ, ಕನ್ನಡದಲ್ಲೂ ಇಲ್ಲ. ಹಾಗಂತ ಗೊತ್ತಿರುವ ವಸ್ತು, ಗೊತ್ತಿಲ್ಲದ ವಸ್ತು ಎಂಬ ಭೇದ ಚೀನೀಯವರಿಗೆ ಇಲ್ಲವೆಂದಲ್ಲ. ‘ಖರನ್ ಲಾಯ್ ಲ’ ಅಂದರೆ ನಾವು ಕಾಯುತ್ತಿದ್ದ ಅತಿಥಿಗಳು ಬಂದರು. ‘ಲಾಯ್ ಖರನ್ ಲ’ ಅಂದರೆ ಯಾರೋ ಅತಿಥಿಗಳು ಬಂದರು. ಪದದ ಜಾಗವೇ ಆ ಕೆಲಸ ಮಾಡುತ್ತದೆ. ಇದನ್ನು ಹಿಡಿದು, ನಿನ್ನ ಭಾಷೆಯಲ್ಲಿ ಈ ನಾಮಪದ ಕ್ರಿಯಾಪದಕ್ಕಿಂತ ಮುಂಚೆ ಕೂರುವುದಾದರೆ ಇಂಗ್ಲಿಷಿನಲ್ಲಿ ಬಹಳ ಸಲ ‘ದಿ’ ಬರುತ್ತದೆ, ನೋಡು ಎಂದೆ. ಪೂರ್ತಿ ನಿಯಮವಲ್ಲ, ತಪ್ಪುವ ಕಡೆಗಳೂ ಇವೆ. ಆದರೂ ಯಾವ ವ್ಯಾಕರಣದ ಪುಸ್ತಕದ ವಿವರಣೆಗಿಂತಲೂ ಬೇಗ ಅವಳಿಗೆ ದಾರಿ ಕಂಡಿತು.

ಈ ವಿಧಾನದ ಕಷ್ಟಗಳನ್ನೂ ಹೇಳಬೇಕು. ಬಹಳ ನಿಧಾನ. ಶಾಲೆಯಿಂದ ದಣಿದು ಬಂದ ದಿನ ಆಗುವುದೇ ಇಲ್ಲ. ಮೂಲಕ್ಕಿಂತ ಬೇರೆಯಾಗಿದ್ದರೂ ಸರಿಯಾಗಿಯೇ ಇರುವ ವಾಕ್ಯ ಬರೆದಾಗ ಮಗು ಅದನ್ನೂ ತಪ್ಪೆಂದು ಹೊಡೆದುಹಾಕುತ್ತದೆ. ಅಲ್ಲಿ ಇಂಗ್ಲಿಷ್ ಬಲ್ಲವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಪಾಠಗಳ ಭಾಷೆಯೂ ಅರುವತ್ತರ ದಶಕದ ಬ್ರಿಟನ್ನಿನದು, ಅಲ್ಲಲ್ಲಿ ಹಳತಾಗಿದೆ. ಹೊಸ ಗದ್ಯ ಬೇಕಾದವರು ತಾವು ಓದಿದ ಸುಲಭದ ಕಥೆಯಿಂದ ಒಂದು ಪ್ಯಾರಾ ತೆಗೆದುಕೊಂಡು ಹೀಗೇ ಮಾಡಬಹುದು.

ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ಕ್ರಮ ಒಗ್ಗುತ್ತದೆಯೇ ಎಂದು ಊರಿನ ಸಹೋದ್ಯೋಗಿಗಳು ಫೋನಿನಲ್ಲಿ ಕೇಳಿದರು. ಅರ್ಧ ಒಗ್ಗುತ್ತದೆ. ಕ್ರಿಯಾಪದದಲ್ಲೇ ಕಾಲ ತೋರಿಸುವುದು ನಮ್ಮ ಮಕ್ಕಳಿಗೆ ಹುಟ್ಟಿನಿಂದ ಗೊತ್ತು, ಆ ಭಾಗಕ್ಕೆ ಇಷ್ಟು ಹೊತ್ತು ಕೊಡಬೇಕಿಲ್ಲ. ಆರ್ಟಿಕಲ್ಲು, ಉದ್ದ ವಾಕ್ಯ ಬಿಚ್ಚುವುದು, ಇವೆರಡರಲ್ಲಿ ಸುಝೌ ಹುಡುಗಿಯೂ ಹಾಸನದ ಹುಡುಗನೂ ಒಂದೇ ಕಡೆ ನಿಲ್ಲುತ್ತಾರೆ.

ಪರೀಕ್ಷೆಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇರುವ ವಿದ್ಯಾರ್ಥಿಗೆ ನಾನು ಹೇಳುವುದು ಹೀಗೆ: ವಾರದಲ್ಲಿ ಎರಡು ಸಂಜೆ ಮರು ಅನುವಾದ, ದಿನಾ ಮಲಗುವ ಮುಂಚೆ ಸುಲಭದ ಕಥೆ, ವಾರಕ್ಕೊಮ್ಮೆ ಪ್ರಶ್ನೆಪತ್ರಿಕೆಯ ಗದ್ಯದಿಂದ ಐದಾರು ಉದ್ದ ವಾಕ್ಯ. ಕಡೆಯ ಮೂರು ತಿಂಗಳಲ್ಲಿ ಮರು ಅನುವಾದ ನಿಲ್ಲಿಸಿ, ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಪತ್ರಿಕೆಗಳನ್ನು ಬಿಡಿಸಲಿ. ಮಲಗುವ ಮುಂಚಿನ ಕಥೆಯನ್ನು ಮಾತ್ರ ಆಗಲೂ ಬಿಡುವುದು ಬೇಡ.