ಎಟಿಮ್‌ಆನ್‌ಲೈನ್: ಬೋರ್ಡ್ ಬರೆಯುವವನಿಗೂ ಬೇಕಾದ ನಿಘಂಟು

ದಾವಣಗೆರೆಯಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಪುಸ್ತಕದಂಗಡಿಯವರು ಬೋರ್ಡಿಗೆ ಇಂಗ್ಲಿಷಲ್ಲಿ 'ಸ್ಟೇಷನರಿ' ಅಂತ ಬರೆದುಕೊಟ್ಟರೆ ಎಷ್ಟೋ ಸಲ ಕೊನೆಯ 'ಆರ್'ಗೆ ಮೊದಲು 'ಎ' ಇರುತ್ತದೆ. ಅದರ ಅರ್ಥ, ಅಲುಗಾಡದೆ ನಿಂತದ್ದು. ಪೆನ್ನು ಕಾಗದಕ್ಕೆ ಅಲ್ಲಿ 'ಇ' ಬೇಕು. ಕನ್ನಡದಲ್ಲಿ ಬರೆದರೆ ಈ ತಲೆನೋವೇ ಇಲ್ಲ.

ಒಬ್ಬರಿಗೆ ಹೀಗೇ ಹೇಳಿದ್ದಕ್ಕೆ, "ಅಂಗಡಿ ಏನು ಓಡಾಡುತ್ತಾ ಸಾರ್? ನಿಂತೇ ಇರುತ್ತಲ್ಲ!" ಅಂದರು. ಇಂಗ್ಲಿಷ್ ಪದಗಳ ಹುಟ್ಟು ಹೇಳುವ ಜಾಲತಾಣ ಎಟಿಮ್‌ಆನ್‌ಲೈನ್ ತೆಗೆದು ನೋಡಿದರೆ ಅವರ ತಮಾಷೆಯೇ ಇತಿಹಾಸ!

ಎರಡೂ ಪದಗಳ ಮೂಲ ಒಂದೇ ಲ್ಯಾಟಿನ್ ಪದ. ಮಧ್ಯಯುಗದ ಯುರೋಪಿನಲ್ಲಿ ಊರೂರು ಸುತ್ತಿ ಮಾರುವವರೇ ಜಾಸ್ತಿ. ಒಂದೇ ಕಡೆ ಅಂಗಡಿ ಇಟ್ಟವರಲ್ಲಿ ವಿಶ್ವವಿದ್ಯಾಲಯಗಳ ಅನುಮತಿ ಪಡೆದ ಪುಸ್ತಕ ವ್ಯಾಪಾರಿಗಳು ಮುಖ್ಯ. ಹಾಗೆ ನಿಂತು ಮಾರುವವನು 'ಸ್ಟೇಷನರ್', ಅವನ ಸರಕು 'ಸ್ಟೇಷನರಿ'. ಲಂಡನ್ನಿನಲ್ಲಿ 1403ರಲ್ಲೇ ಇವರ ಸಂಘವಿತ್ತು, 1557ರಲ್ಲಿ ರಾಜರ ಸನ್ನದೂ ಸಿಕ್ಕಿತು. ಇನ್ನೂ ಹಿಂದಕ್ಕೆ ಹೋದರೆ ಸಿಗುವ ಧಾತು ನಮ್ಮ ಸ್ಥಾನ, ಸ್ಥಿರ, ಸ್ಥಾವರಗಳಿಗೂ ನೆಂಟ. ಊರು ಸುತ್ತುವವನು ಜಂಗಮ, ಸ್ಟೇಷನರ್ ಸ್ಥಾವರ ಅನ್ನಿ!

ಈ ತಾಣವನ್ನು ಕಟ್ಟಿದವರು ಅಮೆರಿಕದ ಡಗ್ಲಸ್ ಹಾರ್ಪರ್. ಓದಲು ದುಡ್ಡು ಕೊಡಬೇಕಿಲ್ಲ. ವಿವರಣೆ ಚಿಕ್ಕದು. ಪದದೊಳಗಿನ ಕೊಂಡಿ ಒತ್ತಿದರೆ ಇನ್ನೊಂದು ಪದ, ಅಲ್ಲಿಂದ ಮತ್ತೊಂದು. ಫ್ಲೆಕ್ಸ್ ಕೆಲಸ ಹಾಗೇ ಬಿದ್ದಿರುತ್ತದೆ. ಮೊನ್ನೆ 'ಐಲ್' ಮತ್ತು 'ಐಲ್ಯಾಂಡ್' ನೋಡಿದೆ. ಎರಡಕ್ಕೂ ದ್ವೀಪ ಅಂತಲೇ ಅರ್ಥ, ಅಣ್ಣ ತಮ್ಮ ಅಂದುಕೊಳ್ಳುತ್ತೇವೆ ಅಲ್ವಾ? ಸಂಬಂಧವೇ ಇಲ್ಲ. ಮೊದಲನೆಯದು ಲ್ಯಾಟಿನ್‌ನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು, ಎರಡನೆಯದು ಅಪ್ಪಟ ಹಳೆ ಇಂಗ್ಲಿಷ್. 'ಐಲ್ಯಾಂಡ್'ನಲ್ಲಿ ಮೊದಲು 'ಎಸ್' ಇರಲೇ ಇಲ್ಲ. 'ಐಲ್' ನೋಡಿಕೊಂಡು ಸುಮ್ನೆ ತುರುಕಿದ್ದು.

ಪದದ ಪಕ್ಕದ ಇಸವಿಯನ್ನು ಹುಟ್ಟಿದ ದಿನ ಅಂತ ತಿಳಿಯಬೇಡಿ. ಬರಹದಲ್ಲಿ ಮೊದಲು ಸಿಕ್ಕ ಕಾಲ ಅಷ್ಟೇ. ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ ಹಾಗೆ ಪ್ರತಿ ಅರ್ಥಕ್ಕೂ ಹಳೆಯ ವಾಕ್ಯಗಳನ್ನು ಸಾಲಾಗಿ ಕೊಡುವುದಿಲ್ಲ. ಮೂಲ ವಿವರಣೆ ಇಂಗ್ಲಿಷಲ್ಲಿದೆ, ಹೈಸ್ಕೂಲು ಮಕ್ಕಳಿಗೆ ಮೊದಮೊದಲು ಯಾರಾದರೂ ಜೊತೆಗೆ ಕೂತು ಓದಿಸಬೇಕು.

ಬೋರ್ಡಿಗೆ 'ಇ'ಯನ್ನೇ ಹಾಕಿದೆ. ಅವರು ಒಪ್ಪಿದರು, ಆದರೆ ರೇಟಿನಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡರು.